ಡಿಸೆಂಬರ್ ಇಪ್ಪತ್ತೆರಡರ ಖಾಲಿ ಸಾಲು

ಮಲೇಷ್ಯಾದ ಪುಚೊಂಗಿನಲ್ಲಿ ಹದಿನಾಲ್ಕು ಮಹಡಿಯ ಕಾಂಡೊ, ಅಂದರೆ ಅಪಾರ್ಟ್‌ಮೆಂಟ್ ಕಟ್ಟಡ, ಒಂದಿದೆ. ಅದರ ಲಿಫ್ಟಿನ ಪಕ್ಕ ಒಂದು ಬಿಳಿ ಹಲಗೆ. ಆ ಹಲಗೆ ಸಿಕಂದರ್ ಸಾಹೇಬರದು. ಅವರೇ ತಂದು ಮೊಳೆ ಹೊಡೆದದ್ದು. ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ದಿನಾ ಬೆಳಿಗ್ಗೆ ಆರೂವರೆಗೆ ನಿನ್ನೆಯದನ್ನು ಅಂಗೈಯಲ್ಲೇ ಒರೆಸಿ ಮೂರು ಸಾಲು ಬರೆಯುತ್ತಾರೆ. ಈ ತಾರೀಖಿನಲ್ಲಿ ಹಿಂದೆ ನಡೆದದ್ದೇನು, ಈ ದಿನ ಹುಟ್ಟಿದ ದೊಡ್ಡವರು ಯಾರು, ಕಡೆಯ ಸಾಲಿನಲ್ಲಿ ಈ ಕಟ್ಟಡದಲ್ಲಿ ಯಾರ ಹುಟ್ಟುಹಬ್ಬ. ಆಮೇಲೆ ಕಾರು ಹತ್ತಿ ಕ್ಲಾಂಗ್ ಬಂದರಿಗೆ, ಕಂಟೇನರುಗಳನ್ನು ಹಡಗಿಗೇರಿಸುವ ತಮ್ಮ ಕೆಲಸಕ್ಕೆ.

ಸೆಪ್ಟೆಂಬರ್ ಹದಿನೈದಕ್ಕೆ ವಿಶ್ವೇಶ್ವರಯ್ಯನವರ ಹೆಸರು ಬರೆದಾಗ ಮೂರನೇ ಮಹಡಿಯ ಚೀನೀ ಅಜ್ಜಿ, ಇವರು ಯಾವ ಮನೆಯವರು ಎಂದು ವಿಚಾರಿಸಿದ್ದುಂಟು. ಜೂನ್ ಒಂದರಂದು ಕಡೆಯ ಸಾಲು ಹಲಗೆಯಲ್ಲಿ ಹಿಡಿಸುವುದೇ ಇಲ್ಲ. ನಮ್ಮ ಕಡೆಯಿಂದ ಬಂದವರಲ್ಲಿ ಅರ್ಧ ಜನರನ್ನು ಶಾಲೆಗೆ ಸೇರಿಸುವಾಗ ಹೆಡ್ಮಾಸ್ತರರು ಅಂದೇ ಹುಟ್ಟಿಸಿದ್ದಾರೆ. ಗೇಟಿನ ಕಾವಲಿನವನು ಒಮ್ಮೆ, ನಿಮ್ಮ ದೇಶದಲ್ಲಿ ಹೆರಿಗೆ ಆಸ್ಪತ್ರೆ ವರ್ಷಕ್ಕೆ ಒಂದೇ ದಿನ ತೆರೆಯುತ್ತದೆಯೇ ಎಂದು ಕೇಳಿದ್ದ.

ಇಷ್ಟು ಹುಟ್ಟುಹಬ್ಬ ನೆನಪಿಡುವ ಮನುಷ್ಯ ಒಂದು ದಿನ ಮಾತ್ರ ಕಡೆಯ ಸಾಲನ್ನು ಖಾಲಿ ಬಿಡುತ್ತಿದ್ದರು. ಡಿಸೆಂಬರ್ ಇಪ್ಪತ್ತೆರಡು. ಹನ್ನೊಂದನೇ ಮಹಡಿಯ ಕೂಸೊಂದು ಅಂದೇ ಹುಟ್ಟಿದ್ದು. ಅದರ ಹೆಸರನ್ನೂ ಪ್ರತಿವರ್ಷ ಮಾರನೆಯ ದಿನವೇ ಬರೆಯುತ್ತಿದ್ದರು.

ಕಾರಣ ತಿಳಿಯಬೇಕಾದರೆ ಮೂವತ್ತಾರು ವರ್ಷ ಹಿಂದಕ್ಕೆ ಹೋಗಬೇಕು. ಆಗಿನ್ನೂ ಇವರು ಸಾಹೇಬರಲ್ಲ. ಹುಬ್ಬಳ್ಳಿಯ ಹದಿನೆಂಟರ ಹುಡುಗ ಸಿಕಂದರ್, ರಾಜ್ಯದ ಜೂನಿಯರ್ ಬೇಸ್‌ಬಾಲ್ ತಂಡದ ಕ್ಯಾಚರ್. ಕ್ರಿಕೆಟ್ಟಿನಲ್ಲಿ ವಿಕೆಟ್ ಕೀಪರ್ ಇದ್ದಾನಲ್ಲ, ಅಂಥವನೇ. ಆದರೆ ಇಡೀ ಆಟ ಕುಕ್ಕರಗಾಲಲ್ಲಿ, ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು. ಯಾವ ಚೆಂಡು ಬೇಕೆಂದು ಬೆರಳ ಸನ್ನೆಯಲ್ಲಿ ಎಸೆಯುವವನಿಗೆ ಹೇಳುವುದೂ ಅವನ ಕೆಲಸ. ಎಸೆಯುವವನು ಉಡುಪಿಯ ನಿತ್ಯಾನಂದ. ಅವನ ಚೆಂಡು ಬಂದು ಸಿಕಂದರನ ಗ್ಲೌಸಿಗೆ ಬಿದ್ದ ಸದ್ದಿಗೆ ಧಾರವಾಡದ ಮೈದಾನದ ಹೊರಗೆ ಹೋಗುವವರೂ ತಿರುಗಿ ನೋಡುತ್ತಿದ್ದರು.

ಹತ್ತೊಂಬತ್ತರ ಒಳಗಿನವರ ತಂಡ ಅದು. ನಿತ್ಯಾನಂದನಿಗೂ ಶಾಲೆಯಲ್ಲಿ ಬರೆಸಿದ್ದು ಜೂನ್ ಒಂದೇ. ಆ ಪ್ರಕಾರ ಹದಿನೆಂಟು. ನಿಜವಾಗಿ ಹುಟ್ಟಿದ್ದು ಯಾವಾಗ ಎಂದು ಗೆಳೆಯನಿಗೆ ಮಾತ್ರ ಹೇಳಿದ್ದ. ಡಿಸೆಂಬರ್ ಇಪ್ಪತ್ತೆರಡರಂದು ಶಿಬಿರದ ಮೈದಾನದಲ್ಲಿ ಸಿಕಂದರ್ ಜಾಲರಿ ಮೇಲಕ್ಕೆತ್ತಿ ಕೂಗಿಬಿಟ್ಟ: "ಲೇ ನಿತ್ಯಾ, ಇಪ್ಪತ್ತು ತುಂಬಿದ್ವಲ್ಲೋ ನಿನಗ, ಪೇಡೆ ಎಲ್ಲಿ?"

ತಂಡದ ಮ್ಯಾನೇಜರು ಹತ್ತು ಹೆಜ್ಜೆ ದೂರದಲ್ಲೇ ನಿಂತಿದ್ದರು. ಸಂಜೆಯ ಹೊತ್ತಿಗೆ ನಿತ್ಯಾನಂದನ ಹೆಸರು ಪಟ್ಟಿಯಲ್ಲಿರಲಿಲ್ಲ. ಅವನು ಯಾರಿಗೂ ಹೇಳದೆ ಊರಿನ ಬಸ್ಸು ಹತ್ತಿದ.

ಸಿಕಂದರ್ ಮುಂದೆ ಆರು ವರ್ಷ ರಾಜ್ಯಕ್ಕೆ ಆಡಿದ. ಹೆಬ್ಬೆರಳು ಎರಡು ಸಲ ಮುರಿಯಿತು, ಕಿರುಬೆರಳು ಸೊಟ್ಟಗಾಯಿತು, ಮೊಣಕಾಲು ಸವೆದವು. ಆಟ ಮುಗಿದ ಮೇಲೆ ಮಂಗಳೂರಿನ ಹಡಗು ಕಂಪನಿಯಲ್ಲಿ ಕೆಲಸ, ಅಲ್ಲಿಂದ ಮಲೇಷ್ಯಾ. ಎಲ್ಲರ ಹುಟ್ಟುಹಬ್ಬ ನೆನಪಿಟ್ಟು ಹೇಳುವ ಚಟ ಬಿಡಲಿಲ್ಲ. ಅಂಥ ಕೈಯ ಆಟವನ್ನು ತನ್ನ ಬಾಯಿ ಹಾಳುಮಾಡಿತೆಂಬ ಭಾರವೂ ಬಿಡಲಿಲ್ಲ.

ಹೋದ ಅಕ್ಟೋಬರಿನಲ್ಲಿ ಒಂಬತ್ತನೇ ಮಹಡಿಗೆ ಹೊಸ ಸಂಸಾರ ಬಂತು. ಕಟ್ಟಡದ ಆಫೀಸಿನವರು ಕೊಟ್ಟ ಚೀಟಿಯಲ್ಲಿ ಹೀಗಿತ್ತು: ನಿತ್ಯಾನಂದ, ಮೆಡಿಕಲ್ ಕಾಲೇಜಿನ ಲೆಕ್ಚರರ್, ಜೂನ್ 1. ಲಿಫ್ಟಿನ ಬಾಗಿಲು ಮುಚ್ಚುವಾಗ ಒಮ್ಮೆ ಮುಖ ಕಂಡಿತು. ತಲೆಗೂದಲು ಹೋಗಿತ್ತು, ಹೆಗಲು ಅದೇ. ಅಂದಿನಿಂದ ಸಾಹೇಬರು ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದರು. ಹಲಗೆ ಬರೆಯುವುದನ್ನೂ ಅರ್ಧ ಗಂಟೆ ಮುಂಚೆಯೇ ಮುಗಿಸತೊಡಗಿದರು.

ಹೆಂಡತಿ ಸಿತಾರಾ ಗದಗಿನವರು. ಈ ಗಂಡ ಹೆಂಡಿರ ಮಾತು ಅರ್ಧ ಉರ್ದು, ಅರ್ಧ ಕನ್ನಡ; ಬೈಗುಳ ಮಾತ್ರ ಪೂರ್ತಿ ಕನ್ನಡದಲ್ಲಿ.

"ಮೊಣಕಾಲಿಗೆ ಮುಲಾಮು ನಾ ಹಚ್ಚಬೇಕು, ಏಳು ಮಹಡಿ ನೀವು ಹತ್ತಬೇಕು. ಲಿಫ್ಟಿನ್ಯಾಗ ಹುಲಿ ಕಟ್ಯಾರೇನ್ರಿ?"

"ಎಕ್ಸರ್‌ಸೈಜ್ ಲಾ," ಎಂದರು ಸಾಹೇಬರು, ಮಲೇಷ್ಯಾದವರ ಹಾಗೆ ಮಾತಿನ ಬಾಲಕ್ಕೊಂದು ಲಾ ಸೇರಿಸಿ.

"ನನ್ನ ಮುಂದ ಲಾ ಅನಬ್ಯಾಡ್ರಿ. ಒಂಬತ್ತನೇ ಮಹಡಿಯವರಿಗೆ ಯಾಕ ಅಂಜತೀರಿ, ಅದನ್ನ ಹೇಳ್ರಿ."

ಹೇಳಿದರು. ಸಿತಾರಾ ಮುಲಾಮಿನ ಡಬ್ಬಿ ಮುಚ್ಚಿ, "ಹೋಗಿ ತಪ್ಪಾತು ಅನ್ರಿ," ಎಂದರು. "ಬೈದರ ಬೈಸ್ಕೋರಿ. ಆಮ್ಯಾಲ ಲಿಫ್ಟಿನ್ಯಾಗ ಬರ್ರಿ."

ಎರಡು ತಿಂಗಳಾದರೂ ಸಾಹೇಬರು ಹೋಗಲಿಲ್ಲ. ಡಿಸೆಂಬರ್ ಇಪ್ಪತ್ತೆರಡು ಬಂತು, ಭಾನುವಾರ. ಎರಡನೇ ಸಾಲಿನಲ್ಲಿ ಗಣಿತಜ್ಞ ರಾಮಾನುಜನ್ ಎಂದು ಬರೆದು ಸಾಹೇಬರು ಹಾಗೇ ನಿಂತಿದ್ದರು. ಲಿಫ್ಟು ತೆರೆಯಿತು. ವಾಕಿಂಗ್ ಬೂಟು ಹಾಕಿಕೊಂಡು ನಿತ್ಯಾನಂದ ಹೊರಬಂದ.

"ಓ, ಇದನ್ನು ಬರೆಯುವವರು ನೀವಾ? ದಿನಾ ಓದ್ತೇನೆ ನಾನು," ಎಂದವನು ಮಾರ್ಕರ್ ಹಿಡಿದ ಸೊಟ್ಟ ಕಿರುಬೆರಳನ್ನು ನೋಡಿದ. ಆಮೇಲೆ ಮುಖ ನೋಡಿದ. "ಸಿಕಂದರ್. ನೀನಾ ಮಾರಾಯ?"

ಸಾಹೇಬರಿಗೆ ಹೇಗಿದ್ದೀ ಎಂದು ಕೇಳುವುದೂ ಹೊಳೆಯಲಿಲ್ಲ. "ತಪ್ಪಾತೋ ನಿತ್ಯಾ. ಅವತ್ತ ನಾ ಒದರಬಾರದಿತ್ತು."

"ಎಂಥ ಒದರಿದ್ದು?"

"ಇಪ್ಪತ್ತು ತುಂಬಿದ್ವು ಅಂತ. ಮ್ಯಾನೇಜರ್ ಕಿವಿಗೆ ಬಿತ್ತು, ನಿನ್ನ ಹೆಸರು ತಗದು ಹಾಕಿದ್ರು."

"ಅದು ನಿನ್ನಿಂದ ಅಲ್ಲ ಮಾರಾಯ. ನಮ್ಮ ಅಮ್ಮನಿಂದ."

"ಅಂದ್ರ?"

"ತಂಡದ ಫಾರಂ ಸಹಿಗೆ ಅಂತ ಮನೆಗೆ ಹೋಗಿತ್ತು. ಅದರಲ್ಲಿ ಜೂನ್ ಒಂದು ಅಂತ ಕಂಡದ್ದೇ ಅಮ್ಮನಿಗೆ ಸಿಟ್ಟು ಬಂತು. ಮಗನ ನಕ್ಷತ್ರ ಒಂದು, ಕಾಗದದಲ್ಲಿ ಇನ್ನೊಂದು. ಪಂಚಾಂಗ ತೆಗೆದು, ಕೆಂಪು ಪೆನ್ನಲ್ಲಿ ತಾರೀಖು ತಿದ್ದಿ, ಹುಟ್ಟಿದ ಗಳಿಗೆ ಸಮೇತ ಬರೆದು, ಜಾತಕದ ನಕಲು ಬೇರೆ ಇಟ್ಟು ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ರು. ನೀನು ಕೂಗುವುದಕ್ಕೆ ಮೊದಲೇ, ಬೆಳಿಗ್ಗೆಯೇ ಅದು ಮ್ಯಾನೇಜರ್ ಕೈಯಲ್ಲಿತ್ತು. ನನಗೆ ತೋರಿಸಿದ್ದರು."

"ಮತ್ತ ನನಗ ಒಂದು ಮಾತು ಹೇಳದ ಹೋದಿಯಲ್ಲೋ."

"ಹೇಗೆ ಹೇಳುದು? ಅಮ್ಮ ಜಾತಕ ಕಳಿಸಿದ್ದಾರೆ ಅಂದ್ರೆ ನೀವೆಲ್ಲ ಜನ್ಮವಿಡೀ ನಗಾಡ್ತಿದ್ರಿ. ನಾಚಿಕೆಯಾಗಿ ಬಸ್ ಹತ್ತಿದೆ."

ಸಾಹೇಬರು ಗೋಡೆಗೆ ಒರಗಿದರು. ಲಿಫ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. ನಗು ಬಂತು, ಕಣ್ಣೀರೂ ಬಂತು, ಎರಡನ್ನೂ ತಡೆಯಲಿಲ್ಲ.

"ಏಳು ಮಾರಾಯ, ನನ್ನ ಕೈಯಲ್ಲಿ ಬಾಲ್ ಇಲ್ಲ," ಎಂದು ನಿತ್ಯಾನಂದ ಕೈಹಿಡಿದು ಎಬ್ಬಿಸಿದ. "ಅಮ್ಮ ಮೇಲೆಯೇ ಇದ್ದಾರೆ. ಅವರ ಹತ್ರವೇ ಕೇಳು ಬಾ. ತಾನು ಮಾಡಿದ್ದೇ ಸರಿ ಅಂತಾರೆ ಈಗಲೂ."

ಸಾಹೇಬರು ಮೊದಲು ಕಡೆಯ ಸಾಲು ಬರೆದರು: ನಿತ್ಯಾನಂದ, ಒಂಬತ್ತನೇ ಮಹಡಿ. ಪಕ್ಕದಲ್ಲಿ ಹನ್ನೊಂದನೇ ಮಹಡಿಯ ಕೂಸಿನ ಹೆಸರು, ಹುಟ್ಟಿದ ದಿನವೇ, ಮೊದಲ ಸಲ.

ಏಳನೇ ಮಹಡಿಯಲ್ಲಿ ಬಾಗಿಲು ತೆರೆದ ಸಿತಾರಾ ಗಂಡನ ಮುಖ ನೋಡಿ, "ಇವತ್ತ ತೇಕು ಇಲ್ಲಲ್ಲ," ಎಂದರು.

"ಲಿಫ್ಟಿನ್ಯಾಗ ಬಂದೆ. ಚಪ್ಪಲಿ ಹಾಕ್ಕೋ, ಒಂಬತ್ತಕ್ಕ ಹೋಗೂಣು. ಪಾಯಸ ಮಾಡ್ಯಾರಂತ."