ಭಾಗಶಃ ಸೇತುವೆ

ಚುನಾವಣಾ ಪ್ರಣಾಳಿಕೆಗಳನ್ನು ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತೇನೆ. ಹೇಳಿಕೊಳ್ಳಲು ಸ್ವಲ್ಪ ಸಂಕೋಚವೇ. ಸದಾಶಿವನಗರದ ನಮ್ಮ ಮನೆಗೆ ಬಂದ ನೆಂಟರು ಮೇಜಿನ ಮೇಲೆ ಅದನ್ನು ಕಂಡು, ನಾನು ಯಾವುದೋ ಪಕ್ಷ ಸೇರಿಬಿಟ್ಟೆನೆಂದು ಗಾಬರಿಯಾಗುತ್ತಾರೆ. “ಪಂಚಾಂಗ ಓದಿದ್ರ ಒಂದೆರಡಾದ್ರೂ ಖರೇ ಆಗ್ತಿದ್ವು” ಎಂದು ಹೆಂಡತಿ ಚುಚ್ಚುತ್ತಾಳೆ.

ಓದುವುದು ಹೊಟ್ಟೆಪಾಡಿಗೆ. ಬೆಳಗಾವಿಯ ಪತ್ರಿಕೆಯೊಂದರಲ್ಲಿ, ಸರ್ಕಾರದ ಅವಧಿ ಮುಗಿಯುತ್ತ ಬಂದಾಗ, ಕೊಟ್ಟ ಮಾತನ್ನೂ ಆದ ಕೆಲಸವನ್ನೂ ಅಕ್ಕಪಕ್ಕ ಇಟ್ಟು ನೋಡುವ ಅಂಕಣ ನನ್ನದು. ಪ್ರತಿ ಭರವಸೆಯ ಮುಂದೆ ಮೂರರಲ್ಲೊಂದು ತೀರ್ಪು: ಈಡೇರಿದೆ, ಈಡೇರಿಲ್ಲ, ಭಾಗಶಃ. ‘ಈಡೇರಿಲ್ಲ’ ಎಂದರೆ ಆಳುವ ಪಕ್ಷದವರು ಫೋನ್ ಮಾಡುತ್ತಾರೆ. ‘ಈಡೇರಿದೆ’ ಎಂದರೆ ವಿರೋಧ ಪಕ್ಷದವರು. ‘ಭಾಗಶಃ’ ಎಂದರೆ ಯಾರೂ ಮಾಡುವುದಿಲ್ಲ. ಹಾಗಾಗಿ ಅದರಷ್ಟು ಸುಖದ ಪದ ನಮ್ಮ ಕಚೇರಿಯಲ್ಲಿ ಇನ್ನೊಂದಿಲ್ಲ.

ಪ್ರಣಾಳಿಕೆಯ ಭಾಷೆಗೂ ಒಂದು ಚರಿತ್ರೆಯಿದೆ. ಮೊದಮೊದಲು ‘ಕಟ್ಟುತ್ತೇವೆ’ ಎಂದು ಬರೆಯುತ್ತಿದ್ದರು. ಆಮೇಲೆ ‘ಕಟ್ಟಲು ಕ್ರಮ ಕೈಗೊಳ್ಳುತ್ತೇವೆ’ ಎಂದಾಯಿತು. ಈಗ ‘ಕ್ರಮ ಕೈಗೊಳ್ಳುವ ಕುರಿತು ಪರಿಶೀಲಿಸುತ್ತೇವೆ’ ಎನ್ನುತ್ತಾರೆ. ವಾಕ್ಯ ಬೆಳೆದಷ್ಟೂ ಕೆಲಸ ಕುಗ್ಗುತ್ತದೆ. ಅದಕ್ಕೇ ಖಾನಾಪುರದ ಕಾಡಿನೊಳಗಿನ ಗವಳಿಗರ ಹಟ್ಟಿಗೆ ‘ಸೇತುವೆ ಕಟ್ಟುತ್ತೇವೆ’ ಎಂದು ಒಂದು ಪಕ್ಷ ಎರಡೇ ಪದದಲ್ಲಿ ಬರೆದಿದ್ದನ್ನು ಕಂಡು ನಾನು ಖುಷಿಪಟ್ಟಿದ್ದೆ. ಪಕ್ಷದ ಹೆಸರು ಬೇಡ. ನೀವು ಯಾವುದನ್ನು ಊಹಿಸಿಕೊಂಡರೂ ಕಥೆ ಕೆಡುವುದಿಲ್ಲ.

ಈ ವರ್ಷ, ಗೆದ್ದು ಆಳಿದ ಅದೇ ಪಕ್ಷದ ಸಾಧನೆಯ ಪುಸ್ತಿಕೆ ಬಂತು. ನುಣುಪು ಕಾಗದ, ಬಣ್ಣದ ಚಿತ್ರ. ಚಿತ್ರದಲ್ಲಿ ಸೇತುವೆ ಇತ್ತು. ಆದರೆ ಅದು ಹಟ್ಟಿಯ ಜನ ಪ್ರತಿ ಬೇಸಿಗೆಯ ಕೊನೆಗೆ ಬಿದಿರು, ಬಿದ್ದ ಮರ, ಬಳ್ಳಿ ಸೇರಿಸಿ ತಾವೇ ಕಟ್ಟಿಕೊಳ್ಳುವ ಕಾಲುಸೇತುವೆ. ಕೆಳಗೆ ‘ಸಂಪರ್ಕ ಕಲ್ಪಿಸಲಾಗಿದೆ’ ಎಂದು ಅಚ್ಚಾಗಿತ್ತು.

ಆ ಪಕ್ಷದ ತಾಲ್ಲೂಕಿನ ಮುಖಂಡರು ಫೋನ್ ಮಾಡಿದರು. “ಮರದ್ದಾದ್ರೂ ಸೇತುವಿ ಸೇತುವಿನ ಅಲ್ಲೇನ್ರಿ? ಭಾಗಶಃ ಅಂತ ಬರೀರಿ, ಮುಗೀತು.” ಸಂಪಾದಕರೂ ಕನ್ನಡಕ ಒರೆಸುತ್ತ, “ಭಾಗಶಃ ಹಾಕಿಬಿಡ್ರಿ, ಯಾಕ ತಲಿನೋವು?” ಎಂದರು. ನೋಡದೆ ಬರೆಯುವುದಿಲ್ಲ ಎಂದು ನಾನು ಖಾನಾಪುರದ ಬಸ್ಸು ಹತ್ತಿದೆ.

ಹಳ್ಳದಲ್ಲಿ ನೀರಿನ್ನೂ ಬಂದಿರಲಿಲ್ಲ; ಬಂಡೆ ಇಳಿದು ಹತ್ತಿ ಹಟ್ಟಿಯ ಕಡೆಯ ದಂಡೆ ಸೇರಿದೆ. ಅಲ್ಲಿ ಹಟ್ಟಿಯ ಗಂಡಸರು, ಹೆಂಗಸರು ಈ ವರ್ಷದ ಸೇತುವೆಗೆ ಕೊನೆಯ ಬಳ್ಳಿ ಬಿಗಿಯುತ್ತಿದ್ದರು. ಎಮ್ಮೆ ಕಾಯುವ ಜನಾಬಾಯಿ ಮೇಲ್ವಿಚಾರಕಿ. ಅವರ ಸೊಸೆ ಸುಗಂಧಾ ಮರದ ನೆರಳಲ್ಲಿ ಕುಳಿತಿದ್ದಳು, ತುಂಬು ಗರ್ಭಿಣಿ; ಬಂಡೆ ಇಳಿದು ಹತ್ತುವ ಸ್ಥಿತಿಯಲ್ಲಿ ಇರಲಿಲ್ಲ. ಹೋದ ಮಳೆಗಾಲದ ನಡುವೆಯೇ ಸೇತುವೆ ಕೊಚ್ಚಿಹೋಗಿತ್ತು. ಈ ಸಲ ಹಳ್ಳ ತುಂಬುವ ಮೊದಲೇ ಸೊಸೆಯನ್ನು ಖಾನಾಪುರದ ಅಕ್ಕನ ಮನೆಗೆ ದಾಟಿಸಿ, ಹೆರಿಗೆವರೆಗೂ ಅಲ್ಲೇ ಬಿಡುವ ಆತುರ ಜನಾಬಾಯಿಯದು.

ನಾನು ಪುಸ್ತಿಕೆ ತೋರಿಸಿ, ‘ಭಾಗಶಃ’ ಎಂದು ಬರೆಯಲು ಹೇಳುತ್ತಿದ್ದಾರೆ ಎಂದೆ. “ಭಾಗಶಃ ಅಂದ್ರ ಏನ್ರಿ ಸಾಹೇಬ್ರ?” ಎಂದು ಆಕೆ ಕೇಳಿದರು.

“ಅರ್ಧ ಆಗಿದೆ ಎಂದು.”

“ಅರ್ಧ ಹಳ್ಳ ದಾಟಿದವ್ರು ಎಲ್ಲಿ ಇರ್ತಾರ, ಗೊತ್ತೈತೇನು?” ಹೆಂಗಸರು ನಕ್ಕರು. ಆಕೆ ನಗಲಿಲ್ಲ. “ನೀವು ಹಂಗ ಬರದ್ರ, ಇವ್ರಿಗೆ ಸೇತುವಿ ಆಗೇತಿ ಅಂತ ಮ್ಯಾಲಿನವ್ರು ತಿಳ್ಕೋತಾರ. ಆಮ್ಯಾಲ ಖರೇ ಸೇತುವಿ ಯಾರ ಕಟ್ಟತಾರ? ಈಕಿ ಕೂಸಿನ ಕಾಲಕ್ಕೂ ಇದನ್ನ ಬಿಗೀಬೇಕೇನು?”

ಅಷ್ಟರಲ್ಲಿ ಮುಖಂಡರೇ ಬಂಡೆ ಹತ್ತಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಿಂದೆ ಫೋಟೊ ತೆಗೆಯುವವನು, ಅವನ ಕೈಯಲ್ಲಿ ಕೆಂಪು ರಿಬ್ಬನ್ನು. ಜನಾಬಾಯಿ ಬಲು ಮರ್ಯಾದೆಯಿಂದ ದಾರಿ ಬಿಟ್ಟರು.

“ಬರ್ರಿ ಸಾಹೇಬ್ರ, ಚಲೋ ವ್ಯಾಳ್ಯಾಕ್ಕ ಬಂದ್ರಿ. ನಮ್ಮ ಕಡೆ ಒಂದು ರೂಢಿ ಐತಿ. ಕಟ್ಟಿದವ್ರ ಮೊದಲ ದಾಟಬೇಕು, ತಲಿ ಮ್ಯಾಲ ಚೀಲ ಹೊತ್ತು. ಅವ್ರು ಆ ದಂಡಿ ಮುಟ್ಟಿದ ಮ್ಯಾಲ ಬಸರಿ, ಸಣ್ಣ ಹುಡುಗ್ರು. ನೀವ ಕಟ್ಟೀರಿ ಅಂತ ಪುಸ್ತಕದಾಗ ಐತೆಲ್ಲ? ಹೊರ್ರಿ.”

ಇಬ್ಬರು ಅಕ್ಕಿಯ ಚೀಲ ಎತ್ತಿ ನಿಂತೇಬಿಟ್ಟರು. ಮುಖಂಡರು ಬಿದಿರನ್ನು ನೋಡಿದರು, ಕೆಳಗಿನ ಬಂಡೆಗಳನ್ನು ನೋಡಿದರು, ಫೋಟೊದವನನ್ನೂ ನೋಡಿದರು. ಅವನು ರಿಬ್ಬನ್ನು ಸುತ್ತುವುದರಲ್ಲಿ ಮಗ್ನನಾಗಿದ್ದ.

“ಅಲ್ಲ ಮಾವಶಿ, ಕಟ್ಟಿದವ್ರು ನೀವ ಅಲ್ಲೇನು?”

“ಜೋರ ಹೇಳ್ರಿ, ಪೇಪರಿನವ್ರಿಗೆ ಕೇಳಸಂಗಿಲ್ಲ.”

“ನೀವ ಕಟ್ಟೀರಿ ಯವ್ವಾ, ನೀವ! ನಾವು ಒಂದು ಕಟಗಿನೂ ಹಾಕಿಲ್ಲ!”

ಜನಾಬಾಯಿ ಚೀಲವನ್ನು ತಮ್ಮ ತಲೆಗೇರಿಸಿಕೊಂಡು ನಡೆದರು. ಬಿದಿರು ಕಿರುಗುಟ್ಟಿತು, ಬಾಗಿತು, ತಡೆದುಕೊಂಡಿತು. ಆ ದಂಡೆಯಲ್ಲಿ ಚೀಲ ಇಳಿಸಿ, ಮರಳಿ ಬಂದು, ಸೊಸೆಯ ಕೈ ಹಿಡಿದು ನಿಧಾನಕ್ಕೆ ದಾಟಿಸಿದರು. ಸುಗಂಧಾ ಆಚೆ ನೆಲಕ್ಕೆ ಕಾಲಿಟ್ಟಳು.

ಅಂಕಣದಲ್ಲಿ ನಾನು ‘ಈಡೇರಿಲ್ಲ’ ಎಂದು ಬರೆದೆ. ಸ್ವಂತ ಅಭಿಪ್ರಾಯ ಒಂದಕ್ಷರವೂ ಇಲ್ಲ. ಆಧಾರಕ್ಕೆ ಪಕ್ಷದ ಮುಖಂಡರ ಮಾತನ್ನೇ ಇದ್ದದ್ದು ಇದ್ದಂತೆ ಕೊಟ್ಟೆ. ಸಂಪಾದಕರು ಎರಡು ಸಲ ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಅಚ್ಚಿಗೆ ಬಿಟ್ಟರು.

ಮರುದಿನ ಬೆಳಿಗ್ಗೆ ಪಕ್ಷದ ಕಚೇರಿಯಿಂದ ಫೋನ್. ಕೂಡಲೇ ತಿದ್ದುಪಡಿ ಹಾಕಬೇಕಂತೆ.

“ಖಂಡಿತ ಹಾಕುತ್ತೇನೆ,” ಎಂದೆ. “ಮೊದಲ ಪುಟದಲ್ಲೇ, ಬಣ್ಣದ ಚಿತ್ರದ ಸಮೇತ. ನೀವು ಸಿಮೆಂಟು ಕಳಿಸಿ.”