ಕಾಳಿಂಗದ ಬೀಗರು

ನಮ್ಮ ಅತ್ತಿಗೆಯ ಬಾಯಿಗೆ ಹೆದರಿ ಅಣ್ಣ ಮನೆಯಲ್ಲಿ ಉಸಿರೆತ್ತುವುದಿಲ್ಲ. ಅದೇ ಅತ್ತಿಗೆ ತಾವು ನೋಡಿಕೊಳ್ಳುವ ಮೃಗಾಲಯದ ಹಾವಿನ ಮನೆಯಲ್ಲಿ ಹೆಣ್ಣು ಕಾಳಿಂಗಕ್ಕೆ "ಬಾ ಪುಟ್ಟಿ, ಬಾ ಚಿನ್ನ" ಎಂದು ಗೋಗರೆಯುತ್ತಾರೆ! ನಾನು ಅಲ್ಲೇ ಟಿಕೆಟ್ ಕೊಡುವವನು, ಕಣ್ಣಾರೆ ಕಂಡಿದ್ದೇನೆ.

ಪುಟ್ಟಿಗೆಂದು ದೂರದ ಮೃಗಾಲಯದಿಂದ ಗಂಡು ಬಂತು. ಅದನ್ನು ಮರಿಯಿಂದ ಸಾಕಿದ ಮುದುಕನದು ಫೋನಿನ ಮೇಲೆ ಫೋನು.

"ತಾಯಿ, ಹಾವನ್ನೇ ತಿನ್ನೋ ಜಾತಿ ಇದು. ನಮ್ಮ ಹುಡುಗ ಅವಳ ಹೊಟ್ಟೆ ಸೇರಿದ್ರೆ ನಾನು ಉಳಿಯಲ್ಲ."

"ನನ್ನಾಣೆ ಬೀಗರೇ, ಅವನ ಮೈಗೆ ಒಂದು ಗೀರೂ ಬೀಳಲ್ಲ" ಎಂದು ಅತ್ತಿಗೆ ಮಾತು ಕೊಟ್ಟುಬಿಟ್ಟರು.

ಅತ್ತಿಗೆ ಆತುರಗೇಡಿಯಲ್ಲ. ಜಾಲರಿಯ ಆಚೆ ಈಚೆ ಇಬ್ಬರನ್ನೂ ಇಟ್ಟು ವಾಸನೆಯ ಪರಿಚಯ ಮಾಡಿಸಿದರು. ಪುಟ್ಟಿಗೆ ಸಾಕುಸಾಕೆನ್ನುವಷ್ಟು ತಿನ್ನಿಸಿದರು. ಕೊಕ್ಕೆಕೋಲು, ನೀರಿನ ಪೈಪು ಕೈಗೆಟುಕುವಂತೆ ಇಟ್ಟುಕೊಂಡು, ಡಾಕ್ಟರನ್ನು ಬಾಗಿಲಲ್ಲಿ ನಿಲ್ಲಿಸಿ ಜಾಲರಿ ಎತ್ತಿದರು.

ಪುಟ್ಟಿ ಸೀದಾ ಹೋಗಿ ಗಂಡಿನ ಕುತ್ತಿಗೆಗೇ ಬಾಯಿ ಹಾಕಿದಳು! ಅತ್ತಿಗೆ ಅವಳ ಮುಖಕ್ಕೆ ನೀರು ಹೊಡೆದು, ಕೊಕ್ಕೆಯಿಂದ ಬಿಡಿಸಿದರು. ಸ್ವಜಾತಿಯ ವಿಷ ಅಷ್ಟಾಗಿ ಏರದ್ದರಿಂದ ಹುಡುಗ ಉಳಿದ, ಆದರೆ ಕುತ್ತಿಗೆಗೆ ಗೀರು ಬಿದ್ದಿತ್ತು.

ಹೊಟ್ಟೆ ತುಂಬಿದವಳು ಹೀಗೇಕೆ ಮಾಡಿದಳು? ಆ ಬೆಳಿಗ್ಗೆ ಗೂಡು ತೊಳೆಯುವಾಗ ಜೊತೆಯ ಕೆಲಸದವನು ಗಂಡನ್ನು ಹಾಕಿಟ್ಟಿದ್ದ ಚೀಲವನ್ನು ಅತ್ತಿಗೆ ತಂದು ಮೂಸಿದರು. ಪುಟ್ಟಿಯ ಊಟಕ್ಕೆ ಕೇರೆಹಾವು ಬರುವ ಚೀಲ ಅದು. ಅವನ ಗ್ರಹಚಾರ ಬಿಡಿಸಿದರು: "ಮದುಮಗನಿಗೆ ಊಟದ ಸೆಂಟು ಹಚ್ಚಿ ಕಳಿಸಿದ್ಯಲ್ಲೋ ಮಹಾನುಭಾವ!"

ಬೈದಾದ ಮೇಲೆ ಮೂಲೆಯ ಬಕೆಟ್ ಬೋರಲು ಹಾಕಿ ಕೂತು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅವತ್ತೇ. ಮುಚ್ಚಿಡಬಹುದಿತ್ತು, ತಾವೇ ಫೋನು ಮಾಡಿ, "ತಪ್ಪಾಯ್ತು ಬೀಗರೇ, ಗೀರು ಬಿತ್ತು" ಎಂದರು.

ಮುದುಕ ಸಿಕ್ಕಿದ ಬಸ್ಸು ಹತ್ತಿ ಬಂದ. ವಾಪಸು ಒಯ್ಯುತ್ತಾನೆಂದೇ ಎಲ್ಲರೂ ತಿಳಿದೆವು. ಆತ ಗಾಯ ಮಾಯುವವರೆಗೂ ಅಲ್ಲೇ ಉಳಿದು, ಹುಡುಗನ ಮೈ ತೊಳೆಸಿ, "ಇನ್ನೊಂದ್ಸಲ ಬಿಡಮ್ಮ. ನಿಜ ಹೇಳೋರ ಕೈಲಿದ್ದಾನೆ. ಆದ್ರೆ ನನ್ನಿಂದ ನೋಡೋಕಾಗಲ್ಲ" ಎಂದು ಗೂಡಿನ ಗಾಜಿನ ಮುಂದೆ ಕಣ್ಮುಚ್ಚಿ, ನನ್ನ ತೋಳು ಹಿಡಿದು ನಿಂತ.

ಜಾಲರಿ ಎದ್ದಿತು. ಹುಡುಗ ಪುಟ್ಟಿಯ ಬೆನ್ನಿಗೆ ಗದ್ದ ಉಜ್ಜುತ್ತ ಮೆಲ್ಲಗೆ ಮುಂದೆ ಸರಿದ. ಅತ್ತಿಗೆ ಕೊಕ್ಕೆ ಮುಂದೆ ಚಾಚಿದರು. ಪುಟ್ಟಿ ಹೆಡೆ ಇಳಿಸಿ ಸುಮ್ಮನೆ ಮಲಗಿದಳು. ಬಾಲಕ್ಕೆ ಬಾಲ ಹೆಣೆದುಕೊಂಡಿತು.

"ಕಣ್ಣು ಬಿಡಿ ಬೀಗರೇ," ಎಂದರು ಅತ್ತಿಗೆ. "ನಿಮ್ಮ ಹುಡುಗ ಚೆನ್ನಾಗಿದ್ದಾನೆ."

ಮುದುಕ ಒಂದು ಕಣ್ಣು ತೆರೆದ. ನೋಡಿದ. ಕಿವಿಯವರೆಗೂ ಕೆಂಪಾದ.

"ಛೆ ಛೆ! ಮಕ್ಕಳಿರೋ ಕಡೆ ದೊಡ್ಡೋರಿಗೇನು ಕೆಲಸ? ನಡೀರಿ, ನಡೀರಿ!" ಎನ್ನುತ್ತ ಕಣ್ಣೊರೆಸಿಕೊಂಡು ಗಾಜಿಗೆ ಪರದೆ ಎಳೆದ.