ಹಳ್ಳದಾಚೆಯವಳನ್ನು ನಾನು ಕರೆಯಲಿಲ್ಲ

ಹಳಿಯಾಳ ತಾಲ್ಲೂಕಿನಲ್ಲಿ ನಾನು ಆಶಾ ಕಾರ್ಯಕರ್ತೆ. ನನ್ನ ಪಾಲಿಗೆ ಬಂದದ್ದು ಒಂದು ಊರು, ಅದರ ಅಂಚಿಗೆ ಒಂದು ಗೌಳಿ ದಡ್ಡಿ. ದಡ್ಡಿ ಎಂದರೆ ಕಾಡಿನ ಮಗ್ಗುಲಿಗೆ ಇಪ್ಪತ್ತು ಮನೆ. ಹಿಂದೆ ಎಮ್ಮೆ ಹೊಡೆದುಕೊಂಡು ತಿರುಗುತ್ತಿದ್ದವರು ಈಗ ಗೋವಿನಜೋಳ ಬೆಳೆಯುತ್ತಾರೆ, ಕೂಲಿಗೆ ಹೋಗುತ್ತಾರೆ. ಹಳ್ಳ ದಾಟಿದರೆ ಇನ್ನೊಂದು ದಡ್ಡಿ. ಅದು ಅವಳದು.

ಅವಳೂ ಆಶಾ. ಮುಂಡಗೋಡದ ಕಡೆಯಿಂದ ಸೊಸೆಯಾಗಿ ಬಂದವಳು, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಗೌಳಿಗಳ ಮರಾಠಿಯನ್ನು ಅವರಷ್ಟೇ ಸಲೀಸಾಗಿ ಆಡುತ್ತಾಳೆ. ನಾನು ಹೋದರೆ ದಡ್ಡಿಯವರು ಅಂಗಳಕ್ಕೆ ಪ್ಲಾಸ್ಟಿಕ್ ಕುರ್ಚಿ ತಂದು ಹಾಕುತ್ತಾರೆ. ಎಷ್ಟೋ ವರ್ಷ ಅದನ್ನು ಮರ್ಯಾದೆ ಎಂದೇ ತಿಳಿದಿದ್ದೆ. ಹಳ್ಳದಾಚೆ ಅವಳಿಗೆ ಮನೆಯೊಳಗೆ ಕಂಬಳಿ ಹಾಸುತ್ತಾರೆ ಎಂದು ಗೊತ್ತಾದ ಮೇಲೆ ಆ ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗಲಿಲ್ಲ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಯಾಕೆ? ತಿಂಗಳ ಸಭೆಯಲ್ಲಿ ಡಾಕ್ಟರು ಅವಳ ಪುಸ್ತಕ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದರು. ಒಂದು ಮಗುವಿನ ಲಸಿಕೆಯೂ ತಪ್ಪಿರುತ್ತಿರಲಿಲ್ಲ. ನಾನು ಪಕ್ಕದವಳ ಕಿವಿಯಲ್ಲಿ, "ಅಕೀ ದಡ್ಡಿ ಸಣ್ಣದೈತಿ ಬಿಡ್ರಿ" ಎನ್ನುತ್ತಿದ್ದೆ. ಕುಣಿಯಲಾರದವಳಿಗೆ ನೆಲ ಡೊಂಕು.

ನನ್ನ ದಡ್ಡಿಯಲ್ಲಿ ಹತ್ತು ತಿಂಗಳ ಗಂಡುಕೂಸೊಂದಿತ್ತು. ಒಂಬತ್ತು ತುಂಬಿದ ಕೂಡಲೇ ಹಾಕಿಸಬೇಕಾದ ಗೊಬ್ಬರದ ಸೂಜಿ ಬಾಕಿ ಉಳಿದಿತ್ತು. ದಡಾರಕ್ಕೆ ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ. ಹಿಂದಿನ ಸೂಜಿಗೆ ಕೂಸಿಗೆ ಎರಡು ದಿನ ಜ್ವರ ಬಂದಿತ್ತೆಂದು ತಾಯಿ ಒಪ್ಪುತ್ತಿರಲಿಲ್ಲ. ಕಡೆಗೊಂದು ದಿನ, "ಹಳ್ಳದಾಚಿ ಅಕ್ಕಾರು ಬಂದು ಒಂದ ಮಾತ ಹೇಳ್ಲಿರಿ, ಹಾಕಸ್ತೇನಿ" ಎಂದಳು.

ಗುರುವಾರ ಲಸಿಕೆ ಹಾಕಲು ಬರುವ ಸಿಸ್ಟರ್ ಕಿವಿಗೂ ಇದು ಬಿತ್ತು. "ಅಕೀನ್ನ ಒಮ್ಮೆ ಕರಕೊಂಡು ಹೋಗ್ರಲಾ. ಏನ್ ಗಂಟ ಹೋಗತೈತಿ?" ಎಂದರು.

"ನನ್ನ ದಡ್ಡಿ ನಾನ ನೋಡ್ಕೋತೇನ್ರಿ" ಎಂದೆ. ಆಮೇಲೆ ಮೂರು ಗುರುವಾರ ಹಾಗೇ ಹೋದವು.

ಕಬ್ಬು ಕಡಿಯಲು ಹೋಗಿದ್ದ ಸಂಸಾರವೊಂದು ವಾಪಸು ಬಂದಾಗ ಅವರ ಮಗಳ ಮೈತುಂಬ ಕೆಂಪು ಗುಳ್ಳೆ ಇದ್ದವಂತೆ. ಅವರು ಯಾರಿಗೂ ಹೇಳಲಿಲ್ಲ. ಹದಿನೈದು ದಿನದೊಳಗೆ ಐದು ಬಾಗಿಲಿಗೆ ಬೇವಿನ ಟೊಂಗೆ ಬಿತ್ತು. ಬೇವು ಕಟ್ಟಿದ ಮನೆಗೆ ದೇವಿ ಬಂದಿದ್ದಾಳೆ ಎಂದು ಲೆಕ್ಕ. ಆ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಹೊರಗಿನವರು ಹೊಸ್ತಿಲು ದಾಟುವ ಹಾಗಿಲ್ಲ. ಐದನೆಯ ಬಾಗಿಲು ಆ ಕೂಸಿನದು. ನಾನು ಅಂಗಳದಲ್ಲಿ ನಿಂತು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡೆ. ಯಾರೂ ಹೊರಗೆ ಬರಲಿಲ್ಲ.

ಮರುದಿನ ಆರೋಗ್ಯ ಕೇಂದ್ರದ ತಂಡ ಬಂತು. ಡಾಕ್ಟರು ನನ್ನನ್ನು ಕೇಳದೆಯೇ ಅವಳನ್ನೂ ಕರೆಸಿದ್ದರು.

ಅವಳು ಯಾರೊಂದಿಗೂ ಮಾತಾಡದೆ ಮೊದಲು ಬೋರಿಂಗ್ ಪಂಪಿಗೆ ಹೋಗಿ ಸೀರೆ ಸಮೇತ ತಲೆಯ ಮೇಲೆ ನೀರು ಸುರಿದುಕೊಂಡಳು. ಒದ್ದೆ ಬಟ್ಟೆಯಲ್ಲೇ, ಬರಿಗಾಲಲ್ಲಿ ಬಂದು ಹೊಸ್ತಿಲು ಮುಟ್ಟಿ ನಮಸ್ಕರಿಸಿದಳು. ಹಾಗೆ ಬಂದವರನ್ನು ದೇವಿ ತಡೆಯುವುದಿಲ್ಲವಂತೆ. ಹದಿನಾಲ್ಕು ವರ್ಷ ಆ ದಡ್ಡಿಗೆ ಹೋಗಿ ಬಂದರೂ ನಾನು ಇದನ್ನು ಯಾರನ್ನೂ ಕೇಳಿರಲಿಲ್ಲ. ಅವಳು ಬೇವಿನ ಮನೆಗಳನ್ನು ಒಂದೊಂದಾಗಿ ಹೊಕ್ಕು ಕಾಯಿಲೆಯ ಮಕ್ಕಳಿಗೆ ವಿಟಮಿನ್ ಹನಿ ಕುಡಿಸಿದಳು. ಬೇವು ಕಟ್ಟದ ಮನೆಗಳ ತಾಯಂದಿರು ಮಕ್ಕಳನ್ನು ತಾವಾಗಿ ಕರೆತಂದು ಸೂಜಿ ಹಾಕಿಸಿದರು. ಸಂತೋಷಪಡಬೇಕಾದ ಹೊತ್ತು. ಒಬ್ಬ ಮುದುಕಿ ತನ್ನ ಸೆರಗಿನಿಂದ ಅವಳ ತಲೆ ಒರೆಸುತ್ತಿದ್ದಳು, ನನ್ನ ಕಣ್ಣು ಅಲ್ಲೇ ನೆಟ್ಟಿತ್ತು.

ಐದನೆಯ ಮನೆಯಿಂದ ಅವಳು ಓಡುತ್ತಲೇ ಹೊರಬಂದಳು. "ಅಕ್ಕಾರ, ಕೂಸಿಗೆ ಉಸರು ಹತ್ತೈತ್ರಿ. ನೀವು ದವಾಖಾನಿಗೆ ಕರಕೊಂಡು ನಡೀರಿ, ಇಲ್ಲಿ ನಾ ನೋಡ್ತೇನಿ" ಎಂದಳು. ಆ ಮಾತಿನಲ್ಲಿ ಕೊಂಕು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹಳಿಯಾಳದ ಆಸ್ಪತ್ರೆಯಲ್ಲಿ ಒಂದು ವಾರ ಆ ತಾಯಿಯ ಜೊತೆ ನಾನೇ ಇದ್ದೆ. ಕೂಸು ಉಳಿಯಿತು. ಎಡಗಿವಿ ಮಾತ್ರ ಸೋರತೊಡಗಿತು.

ಎರಡು ತಿಂಗಳ ಮೇಲೆ ಕಿವಿ ಪರೀಕ್ಷೆಗೆ ಹೋದೆವು. ಎಡಗಡೆ ಚಪ್ಪಾಳೆ ತಟ್ಟಿದರೆ ಕೂಸು ಬಲಕ್ಕೆ ತಿರುಗಿ ಹುಡುಕುತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ತಾಯಿ ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಆಮೇಲೆ, "ಅಕ್ಕಾರ, ನಾ ಹೇಳಿದ್ನೆಲ್ರಿ, ಅವಾಗ ಅವರನ್ನ ಯಾಕ ಕರಕೊಂಡು ಬರಲಿಲ್ರಿ?" ಎಂದಳು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಬೇಕೆಂದು.

"ಅಕೀಗೆ ಪುರಸೊತ್ತ ಇರಲಿಲ್ಲ ತಂಗಿ" ಎಂದೆ.

ಅವಳು ನಂಬಿದಳು. "ಹೌದ್ರಿ, ಅವರನ್ನ ಎಲ್ಲಾರೂ ಕರೀತಾರ" ಎಂದಳು.

ಕೂಸು ನನ್ನ ತೊಡೆಯ ಮೇಲೆಯೇ ಇತ್ತು. ಆಗಲೂ ನನ್ನ ಹೊಟ್ಟೆ ಉರಿಯಿತು.